ತಲೆಬಿಸಿಗೆ ಅರಬ್ಬಿಯಲ್ಲಿ ಎಂತ ಹೇಳುವುದು?

ರುಖಿಯಮ್ಮನ ಮನೆಯ ಫ್ರೀಜರ್ ತೆರೆದರೆ ಮೀನಿಗಿಂತ ಮೊದಲು ಕಾಣುವುದು ಸುಲಿದ ಬೆಳ್ಳುಳ್ಳಿಯ ಡಬ್ಬಗಳು. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಇಷ್ಟೊಂದು ಬೆಳ್ಳುಳ್ಳಿ ಯಾಕೆ ಎಂದು ಹೊಸಬರು ಕೇಳುತ್ತಾರೆ. ಹಳಬರು ಕೇಳುವುದಿಲ್ಲ. ಅದರಲ್ಲಿ ಮುಕ್ಕಾಲು ಪಾಲು ಸುಲಿದವರು ಅವರೇ.

ಸೌದಿಯ ಬೆಟ್ಟದೂರು ತಾಯಿಫಿನ ಆ ಸಣ್ಣ ಮನೆಗೆ ಶುಕ್ರವಾರ ಇಳಿಹೊತ್ತಿನ ಅಸರ್ ನಮಾಝ್ ಕಳೆದ ಮೇಲೆ ದಕ್ಷಿಣ ಕನ್ನಡದ ಬ್ಯಾರಿ ಸಂಸಾರಗಳು ಒಂದೊಂದಾಗಿ ಬರುತ್ತವೆ. ರುಖಿಯಮ್ಮನ ಗಂಡ ಅಬ್ದುಸ್ಸಲಾಮ್ ವಾರವಿಡೀ ಟೈಲ್ಸ್ ಅಂಗಡಿಯೊಂದರ ಗೋದಾಮು ನೋಡಿಕೊಳ್ಳುವವರು. ಆದರೆ ಎಳೆಯ ಪ್ರಾಯದಲ್ಲಿ ಊರಿನ ಮಸೀದಿಯಲ್ಲಿ ಉಳಿದು ಕೆಲವು ವರ್ಷ ದೀನಿನ, ಎಂದರೆ ಧರ್ಮದ, ವಿದ್ಯೆ ಓದಿದ್ದರಿಂದ ಎಲ್ಲರ ಬಾಯಲ್ಲೂ ಅವರು ಉಸ್ತಾದ್. ಗಂಡಸರು ಚಾವಡಿಯಲ್ಲಿ ಅವರ ಸುತ್ತ ಕುಳಿತರೆ, ಹೆಂಗಸರು ನೇರ ಅಡುಗೆಮನೆಗೆ. ನಡುವೆ ದೊಡ್ಡ ದೊಡ್ಡ ಹೂಗಳಿರುವ ಒಂದು ಪರದೆ. ಕಷ್ಟ ಇದ್ದ ಹೆಂಗಸು ರುಖಿಯಮ್ಮನಿಗೆ ಹೇಳಬೇಕು, ರುಖಿಯಮ್ಮ ಪರದೆಯ ಅಂಚಿಗೆ ಹೋಗಿ ಗಂಡನಿಗೆ ಹೇಳಬೇಕು, ಉಸ್ತಾದ್ ಕುರ್‌ಆನಿನ ಸೂಕ್ತ ಓದಿ ನೀರಿನ ಬಾಟಲಿಗೆ ಊದಿ ಕೊಡಬೇಕು. ಜೊತೆಗೆ ಸಮಾಧಾನದ ನಾಲ್ಕು ಮಾತು. ಇದು ಅಲ್ಲಿಯ ಕ್ರಮ.

ಆ ನೀರಿನಿಂದ ಎಷ್ಟು ಕಷ್ಟ ಹೋಗುತ್ತಿತ್ತೋ ದೇವರಿಗೇ ಗೊತ್ತು. ಅದು ಕೈಗೆ ಬರುವ ಮೊದಲು ರುಖಿಯಮ್ಮನ ಅಡುಗೆಮನೆಯಲ್ಲಿ ಕಳೆಯುವ ಹೊತ್ತಿನಿಂದ ಮಾತ್ರ ಬಹಳಷ್ಟು ಹಗುರವಾಗುತ್ತಿತ್ತು. ಬಂದವಳನ್ನು ಅವರು ಏನೂ ಕೇಳುತ್ತಿರಲಿಲ್ಲ. ಎದುರಿಗೆ ಒಂದು ಮೊರ, ಮೊರದ ತುಂಬ ಬೆಳ್ಳುಳ್ಳಿ. "ನಂಗೆ ಇದೊಂಚೂರು ಸುಲಿದು ಕೊಡು ಮಾರಾಯ್ತಿ, ನಾನು ಚಾ ಇಡ್ತೇನೆ" ಎಂದು ಬೆನ್ನು ತಿರುಗಿಸಿ ನಿಂತುಬಿಡುತ್ತಿದ್ದರು. ಕೈಗೆ ಕೆಲಸ ಸಿಕ್ಕಿತೆಂದರೆ ಬಾಯಿ ತಾನಾಗಿ ತೆರೆಯುತ್ತದೆ. ವಿಟ್ಲದ ಹತ್ತಿರದ ಹಳ್ಳಿಯಲ್ಲಿ ಬೀಡಿ ಕಟ್ಟುತ್ತ ಬೆಳೆದ ರುಖಿಯಮ್ಮ ಕಲಿತದ್ದೇ ಹಾಗೆ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಎಲೆ ಸುರುಳಿ ಮಾಡಿ ನೂಲು ಸುತ್ತುವ ಹೆಂಗಸರು, ಮುಖಕ್ಕೆ ಮುಖ ಕೊಟ್ಟು ಕೂತರೆ ಎಂದೂ ಹೇಳದ ಮಾತನ್ನು ಬೀಡಿಗೆ ಹೇಳುತ್ತಿದ್ದರು. ಪಕ್ಕದಲ್ಲಿದ್ದವರು ಕೇಳಿಸಿಕೊಳ್ಳುತ್ತಿದ್ದರು, ಅಷ್ಟೆ. ತಾಯಿಫಿನಲ್ಲಿ ಬೀಡಿ ಎಲೆ ಎಲ್ಲಿ? ಬೆಳ್ಳುಳ್ಳಿ ಸಿಗುತ್ತದೆ.

ಹೇಳುವ ಮಾತು ಮಾತ್ರ ಹೆಚ್ಚುಕಡಿಮೆ ಎಲ್ಲರದೂ ಒಂದೇ. ತಲೆಬಿಸಿ. ವಾಸದ ಪರವಾನಗಿ ಇಕಾಮಾ ಇನ್ನೂ ನವೀಕರಣ ಆಗಿಲ್ಲ, ತಲೆಬಿಸಿ. ಇಂಡಿಯನ್ ಸ್ಕೂಲಿಗೆ ಹೋಗುವ ಮಗಳು ಮನೆಯಲ್ಲಿ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ, ತಲೆಬಿಸಿ. ಗಂಡ ಬಂದವನೇ ಮೊಬೈಲ್ ಹಿಡಿದು ಮೂಲೆ ಸೇರುತ್ತಾನೆ, ತಲೆಬಿಸಿ. ಕರಾವಳಿಯವರ ಈ ಒಂದು ಮಾತಿನ ಹೊಟ್ಟೆ ಎಷ್ಟು ದೊಡ್ಡದೆಂದರೆ ಗ್ಯಾಸ್ ಮುಗಿದದ್ದೂ ಅದರೊಳಗೆ ಹಿಡಿಸುತ್ತದೆ, ಬದುಕೇ ಬೇಡವಾದದ್ದೂ ಹಿಡಿಸುತ್ತದೆ. ಹೊರಗಿನಿಂದ ನೋಡಿದವರಿಗೆ ಒಳಗೆ ಯಾವುದಿದೆ ಎಂದು ಗೊತ್ತಾಗುವುದಿಲ್ಲ.

ಅಸೀಲಾ ಮೊದಲ ಸಲ ಬಂದಾಗ ಅವಳ ಮಗು ಶಹಲಾಳಿಗೆ ಕುತ್ತಿಗೆ ನಿಂತಿತ್ತಷ್ಟೆ. ಗಂಡ ಅಜ್ಮಲ್ ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ಸೇಲ್ಸ್‌ಮನ್, ನಗುಮುಖದ ಹುಡುಗ. ಹೆರಿಗೆ ತಾಯಿಫಿನಲ್ಲೇ ಆಗಿತ್ತು. ಅಸೀಲಾಳಿಗೆ ತಾಯಿ ಇಲ್ಲ. ಅತ್ತೆ, ಅಜ್ಮಲನ ಉಮ್ಮ ಝೊಹರಾ, ಬರಬೇಕೆಂದಿದ್ದರು, ಅದೇ ಹೊತ್ತಿಗೆ ಉಪ್ಪಿನಂಗಡಿಯಲ್ಲಿ ಸ್ವಂತ ಮಗಳ ಹೆರಿಗೆ. ಹಾಗಾಗಿ ಬಾಣಂತನ ಮಾಡಿದ್ದು ಅಜ್ಮಲ್ ಮತ್ತು ಯೂಟ್ಯೂಬ್. ಮೆಂತ್ಯದ ಗಂಜಿ ಮಾಡಲು ಹೋಗಿ ಅವನು ಪಾತ್ರೆ ಸೀಯಿಸಿದ ಕಥೆಯನ್ನು ಅವನೇ ಎಲ್ಲರಿಗೂ ಹೇಳಿ ನಗಿಸುತ್ತಿದ್ದ.

ಅಸೀಲಾ ನಗಲಿಲ್ಲ. ಮೊರದ ಮುಂದೆ ಕುಳಿತು ಒಂದು ಎಸಳು ಕೈಗೆತ್ತಿಕೊಂಡಳು. ರುಖಿಯಮ್ಮ ಚಾ ಮಾಡಿ, ಸೋಸಿ, ಲೋಟಕ್ಕೆ ಹಾಕಿ ತಿರುಗಿದಾಗಲೂ ಅದೇ ಎಸಳು ಅವಳ ಬೆರಳ ನಡುವೆ ಹಾಗೆಯೇ ಇತ್ತು.

"ಎಂತ ಮಗಳೇ, ಸುಸ್ತಾ?"

"ಹಾಂ. ಸ್ವಲ್ಪ ತಲೆಬಿಸಿ ರುಖಿಯಮ್ಮ."

ಎಳೆಯ ಬಾಣಂತಿ, ನಿದ್ದೆ ಇಲ್ಲ, ಕೈಗೊಬ್ಬರಿಲ್ಲ. ತಲೆಬಿಸಿ ಇರದೆ ಮತ್ತೇನು ಎಂದುಕೊಂಡ ರುಖಿಯಮ್ಮ ಪರದೆಯ ಹತ್ತಿರ ಹೋಗಿ "ಅಜ್ಮಲನ ಹೆಂಡತಿಗೆ ತಲೆಬಿಸಿಯಂತೆ, ಒಂದು ನೀರು ಓದಿ" ಎಂದರು. ಉಸ್ತಾದ್ ಓದಿದರು. ರುಖಿಯಮ್ಮ ಅದರ ಜೊತೆಗೆ ಒಂದು ಡಬ್ಬ ಗಂಜಿಪುಡಿ ಕಟ್ಟಿಕೊಟ್ಟರು. ಮಗು ಕಾರಿನಲ್ಲಿ ಅಳುತ್ತ ಹೋಯಿತು. ತಾಯಿ ಅದರ ಕಡೆ ನೋಡದೆ ಕಿಟಕಿಯ ಹೊರಗೆ ನೋಡುತ್ತ ಕುಳಿತದ್ದು ಮಾತ್ರ ರುಖಿಯಮ್ಮನ ಕಣ್ಣಿನಲ್ಲಿ ಉಳಿಯಿತು. ಪಾತ್ರೆ ತೊಳೆಯುವಾಗ ನೆನಪಾಯಿತು, ಮರುದಿನ ಪತ್ತಿರಿ ರೊಟ್ಟಿಗೆ ಹಿಟ್ಟು ನಾದುವಾಗಲೂ ನೆನಪಾಯಿತು.

ಮುಂದಿನ ಶುಕ್ರವಾರ ಅಸೀಲಾ ಕಾಣಲಿಲ್ಲ. ಅದರ ಮುಂದಿನ ವಾರ ಬಂದಳು. ಅಂದು ಬೇರೆ ಹೆಂಗಸರು ಯಾರೂ ಬಂದಿರಲಿಲ್ಲ. ಮೊರದ ಮುಂದೆ ಕೂರುವುದರ ಬದಲು ಅವಳು ನೇರ ಬಂದು ಮಗುವನ್ನು ರುಖಿಯಮ್ಮನ ಮಡಿಲಲ್ಲಿ ಮಲಗಿಸಿದಳು. ಮಗು ಅವರ ದುಪ್ಪಟ್ಟಾದ ತುದಿ ಹಿಡಿದು ಬಾಯಿಗೆ ಹಾಕಿಕೊಂಡಿತು.

"ನಿಮ್ಮತ್ರ ಇದು ಅಳುದಿಲ್ಲ ನೋಡಿ" ಎಂದಳು ಅಸೀಲಾ. "ಬರುವ ತಿಂಗಳು ನಮ್ಮನ್ನು ಊರಿಗೆ ಕಳಿಸ್ತಾರಂತೆ. ಟಿಕೆಟ್ ಆಗಿದೆ. ಇದನ್ನು ನೀವೇ ಇಟ್ಕೊಳ್ಳಿ ರುಖಿಯಮ್ಮ. ನೀವು ಚಂದ ನೋಡ್ಕೊಳ್ತೀರಿ. ನಾನು ಇಲ್ಲದಿದ್ರೂ ಇದಕ್ಕೆ ಎಂತ ಆಗುದಿಲ್ಲ."

ಅಂಗಡಿಯಿಂದ ತಂದ ಸಾಮಾನು ಕಪಾಟಿನಲ್ಲಿಡಲು ಹೇಳುವಂಥ ದನಿ. ರುಖಿಯಮ್ಮ ಬೆಳ್ಳುಳ್ಳಿಯ ಮೊರವನ್ನು ಕಾಲಿನಿಂದಲೇ ಆಚೆ ಸರಿಸಿದರು. ಬೆನ್ನು ತಿರುಗಿಸಿ ನಿಲ್ಲುವ ಹೊತ್ತು ಇದಲ್ಲ ಎನಿಸಿತು. ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದು ಕೈಯಲ್ಲಿ ಅಸೀಲಾಳ ಮಣಿಕಟ್ಟನ್ನೂ ಹಿಡಿದುಕೊಂಡು, ಜೀವಮಾನದಲ್ಲಿ ಯಾರನ್ನೂ ಕೇಳದ ಪ್ರಶ್ನೆಯನ್ನು ಕೇಳಿದರು.

"ಮಗಳೇ, ಸಾಯ್ಬೇಕು ಅಂತ ಅನ್ನಿಸ್ತದಾ?"

ಅಸೀಲಾ ಹೌದೆಂದು ತಲೆಯಾಡಿಸಿದಳು. ಆಮೇಲೆ, ಕೇಳಿದ್ದಕ್ಕೆ ಹೇಳುತ್ತೇನೆ ಎಂಬಂತೆ, ಒಂದೊಂದಾಗಿ ಹೇಳಿದಳು. ಬೆಳಿಗ್ಗೆ ಎದ್ದರೆ ಕಾಲು ನೆಲಕ್ಕೆ ಊರಲಾಗುವುದಿಲ್ಲ. ಮಗುವಿನ ಅಳು ಪಕ್ಕದ ಮನೆಯದ್ದರ ಹಾಗೆ ಕೇಳಿಸುತ್ತದೆ. ನಮಾಝಿಗೆ ನಿಂತರೆ ಎಷ್ಟು ಸುತ್ತು, ಎಷ್ಟು ರಕಅತ್ ಆಯಿತೆಂದು ತಿಳಿಯುವುದಿಲ್ಲ. ಅಲ್ಲಾಹನಿಗೂ ನಾನು ಬೇಡ ಎನಿಸುತ್ತದೆ. "ಇದೆಲ್ಲ ಹೇಳಿದ್ರೆ ಪಾಪ ಅಲ್ವಾ?"

"ಪಾಪ ಎಂತ ಬಂತು? ಕಾಲು ಮುರಿದವರು ಕಾಲು ನೋವು ಅಂದ್ರೆ ಪಾಪವಾ?" ರುಖಿಯಮ್ಮ ಅವಳ ಕೈ ಬಿಡಲಿಲ್ಲ. "ಅಜ್ಮಲನಿಗೆ ಗೊತ್ತುಂಟಾ?"

"ಅವರಿಗೆ ನಾನು ತಲೆಬಿಸಿ ಅಂತ ಹೇಳಿದೆ. ಡಾಕ್ಟರ ಹತ್ರ ಕರ್ಕೊಂಡು ಹೋದ್ರು. ಜ್ವರದ ಮಾತ್ರೆ ಕೊಟ್ರು."

"ಜ್ವರ ಇತ್ತಾ?"

"ಇಲ್ಲ."

ರುಖಿಯಮ್ಮನಿಗೆ ಇದರ ತಲೆಬುಡ ಅರ್ಥವಾಗಲಿಲ್ಲ. ಅಸೀಲಾಳನ್ನು ಒಳಕೋಣೆಯ ಮಂಚದಲ್ಲಿ ಮಲಗಿಸಿ, ಕಣ್ಣಳತೆಯಲ್ಲೇ ಬಾಗಿಲು ತೆರೆದಿಟ್ಟು, ಮಗುವನ್ನು ಹೆಗಲಿಗೆ ಹಾಕಿಕೊಂಡು ಪರದೆ ಸರಿಸಿದರು. ಚಾವಡಿಯಲ್ಲಿ ಉಳಿದವರೆಲ್ಲ ಎದ್ದು ಹೋಗಿ ಅಜ್ಮಲ್ ಒಬ್ಬನೇ ಉಸ್ತಾದರ ಎದುರು ಸಮೋಸ ತಿನ್ನುತ್ತಿದ್ದ.

"ಅಜ್ಮಲ್, ಡಾಕ್ಟರಿಗೆ ನೀನು ಹೇಳಿದ್ದು ಎಂತ?"

"ನಾನೇ ಅರಬ್ಬಿಯಲ್ಲಿ ಹೇಳಿದೆ ರುಖಿಯಮ್ಮ. ಅಂಗಡಿಯಲ್ಲಿ ದಿನಾ ಮಾತಾಡಿ ಮಾತಾಡಿ ನಂಗೆ ಅರಬ್ಬಿ ನೀರಿನ ಹಾಗೆ ಬರ್ತದೆ." ಅವನು ಬಾಯಿ ಒರೆಸಿಕೊಂಡ. "ರಾಸ್ ಹಾರ್ರ್ ಅಂದೆ. ದಾಯಿಮನ್ ಹಾರ್ರ್. ತಲೆ ಬಿಸಿ, ಯಾವಾಗಲೂ ಬಿಸಿ. ಡಾಕ್ಟರಮ್ಮ ಪಾಪ, ಹಣೆ ಮುಟ್ಟಿ ನೋಡಿದ್ರು, ಥರ್ಮಾಮೀಟರ್ ಇಟ್ರು, ರಕ್ತ ತೆಗೆದ್ರು. ಎಲ್ಲ ನಾರ್ಮಲ್. ಬಿಸಿಲಿಗೆ ಹೋಗ್ಬೇಡ, ನೀರು ಕುಡಿ ಅಂದ್ರು."

ಉಸ್ತಾದ್ ಚಾ ಲೋಟ ಕೆಳಗಿಟ್ಟು ಗಡ್ಡ ಸವರಿಕೊಂಡರು. ನಗು ಬಂದದ್ದನ್ನು ಗಡ್ಡದೊಳಗೆ ಅಡಗಿಸಿದಂತಿತ್ತು. "ಮಾರಾಯ, ನೀನು ಹೆಂಡತಿಯ ರೋಗ ಹೇಳಿದ್ದಲ್ಲ. ಇಂಜಿನಿನ ರೋಗ ಹೇಳಿ ಬಂದದ್ದು. ರೇಡಿಯೇಟರಿಗೆ ನೀರು ಹಾಕು ಅಂತ ಅವರು ಸರಿಯಾಗಿಯೇ ಹೇಳಿದ್ದಾರೆ."

ಅಜ್ಮಲನ ಮುಖ ಸಣ್ಣದಾಯಿತು. "ಎಲ್ಲ ನಾರ್ಮಲ್ ಅಂತ ಬಂದದ್ದಕ್ಕೇ ಉಮ್ಮ ಹೇಳಿದ್ದು. ಡಾಕ್ಟರಿಗೆ ಸಿಗದ ರೋಗ ಅಂದ್ರೆ ಅದು ರೋಗ ಅಲ್ಲ, ಬೇರೆ ಏನೋ ತಾಗಿದೆ, ಊರಿಗೆ ಕಳಿಸು, ಮಂತ್ರಿಸಿದ ನೂಲು ಕಟ್ಟಿಸ್ತೇನೆ, ಮೂರು ತಿಂಗಳು ಒಳಗೆ ಕೂರಿಸ್ತೇನೆ ಅಂತ. ನಂಗೂ ಸರಿ ಅನ್ನಿಸಿತು. ಇಲ್ಲಿ ಅವಳು ಗೋಡೆ ನೋಡಿ ಮಲಗುದು ನೋಡ್ಲಿಕ್ಕೆ ಆಗುದಿಲ್ಲ ಉಸ್ತಾದ್."

ಅವನಿಗೆ ಕಣ್ಣಲ್ಲಿ ನೀರು ಬಂದಿತ್ತು. ರುಖಿಯಮ್ಮನಿಗೆ ಬೈಯಲು ಬಂದ ಮಾತು ಅಲ್ಲೇ ನಿಂತಿತು. ಕೆಟ್ಟ ಗಂಡನಾಗಿದ್ದರೆ ಸುಲಭವಿತ್ತು. ಇವನು ಒಳ್ಳೆಯವನೇ, ಮಾತೊಂದು ಎಡವಿಸಿತ್ತು. ಆದರೆ ಅಸೀಲಾ ಹೇಳಿದ್ದನ್ನು ಅವನಿಗೆ ತಿಳಿಸದೆ ಇರುವ ಹಾಗಿರಲಿಲ್ಲ. ತಗ್ಗಿದ ದನಿಯಲ್ಲಿ ತಿಳಿಸಿದರು. ಅಜ್ಮಲ್ ಎದ್ದು ಒಳಕೋಣೆಯ ಬಾಗಿಲವರೆಗೆ ಹೋಗಿ, ನಿದ್ದೆ ಹೋಗಿದ್ದ ಹೆಂಡತಿಯನ್ನು ನೋಡಿ, ಶಬ್ದ ಮಾಡದೆ ಹಿಂದೆ ಬಂದ.

"ನಾಳೆ ಬೆಳಿಗ್ಗೆಯೇ ಮತ್ತೆ ಅದೇ ಡಾಕ್ಟರಮ್ಮನ ಹತ್ರ ಹೋಗುದು" ಎಂದರು ರುಖಿಯಮ್ಮ. "ನಾನೂ ಬರ್ತೇನೆ. ಅಲ್ಲಿಯವರೆಗೆ ಇವಳು ಇಲ್ಲೇ ಇರ್ತಾಳೆ, ನನ್ನ ಪಕ್ಕ."

"ಹೋಗಿ ಎಂತ ಹೇಳುದು? ತಲೆಬಿಸಿಗೆ ಅರಬ್ಬಿಯಲ್ಲಿ ಎಂತ ಹೇಳುದು?" ಅಜ್ಮಲ್ ಮೊಬೈಲ್ ತೆಗೆದು ಅನುವಾದ ಮಾಡುವ ಆ್ಯಪ್‌ಗೆ ಆ ಪದವನ್ನೇ ಹಾಕಿದ. ಮೊಬೈಲ್ ಒಳಗಿನ ಹೆಂಗಸು ಗಟ್ಟಿಯಾಗಿ, ಸ್ಪಷ್ಟವಾಗಿ, ಅರಬ್ಬಿಯಲ್ಲಿ ತಲೆ ಬಿಸಿಯಾಗಿದೆ ಎಂದೇ ಹೇಳಿದಳು. "ನೋಡಿ, ಇದೂ ನಂದೇ ಮಾತು ಹೇಳ್ತದೆ!"

ಉಸ್ತಾದರಿಗೂ ತಟ್ಟನೆ ಹೊಳೆಯಲಿಲ್ಲ. ಅವರ ಅರಬ್ಬಿ ಎರಡು ಬಗೆಯದು. ಓದುವ ಅರಬ್ಬಿ ಬೇರೆ, ಗೋದಾಮಿನ ಅರಬ್ಬಿ ಬೇರೆ. ಓದುವ ಅರಬ್ಬಿಯಲ್ಲಿ ಯಾರೂ ಯಾರೊಡನೆಯೂ ಮಾತನಾಡುವುದಿಲ್ಲ, ಗೋದಾಮಿನದರಲ್ಲಿ ಟೈಲ್ಸ್ ಒಡೆಯಿತು, ಲಾರಿ ಬಂತು, ಯಲ್ಲಾ ಇಳಿಸು ಎನ್ನುವುದಕ್ಕಿಂತ ಮುಂದೆ ಏನೂ ಇಲ್ಲ. ಅಷ್ಟರಲ್ಲಿ ಮುಸ್ಸಂಜೆಯ ಮಗ್ರಿಬ್ ನಮಾಝಿನ ಬಾಂಗ್ ಕೇಳಿಸಿತು. ಗಂಡಸರು ಮಸೀದಿಗೆ ಹೊರಟರು.

ರುಖಿಯಮ್ಮ ಒಳಕೋಣೆಯಲ್ಲಿ, ಅಸೀಲಾ ಮಲಗಿದ್ದ ಮಂಚದ ಪಕ್ಕದಲ್ಲೇ ಚಾಪೆ ಹಾಸಿ ನಮಾಝ್ ಮಾಡಿದರು. ಮುಗಿಸಿ ಕೈಯೆತ್ತಿ, ಎಳವೆಯಿಂದ ದಿನಕ್ಕೆಷ್ಟೋ ಸಲ ಹೇಳಿಕೊಂಡು ಬಂದ ದುಆ ಹೇಳತೊಡಗಿದರು. ನಾಲಗೆ ತನ್ನಷ್ಟಕ್ಕೆ ನಡೆಯುತ್ತಿತ್ತು, ಮನಸ್ಸು ನಾಳೆಯ ಕ್ಲಿನಿಕ್ಕಿನಲ್ಲಿತ್ತು. ಅಲ್ಲಾಹನೇ, ಹಮ್ಮ್‌ನಿಂದ ನನ್ನನ್ನು ಕಾಪಾಡು, ಹಝನ್‌ನಿಂದ ಕಾಪಾಡು ಎನ್ನುವಲ್ಲಿಗೆ ಬಂದದ್ದೇ ನಾಲಗೆ ನಿಂತುಬಿಟ್ಟಿತು.

ಹಮ್ಮ್ ಎಂದರೆ ಒಳಗೊಳಗೇ ಕೊರೆಯುವ ಚಿಂತೆ. ಹಝನ್ ಎಂದರೆ ದುಃಖ. ಮದ್ರಸದ ಬೆಂಚಿನಲ್ಲಿ ಸಾಲಾಗಿ ಕೂತು ರಾಗವಾಗಿ ಅರ್ಥ ಕಲಿತದ್ದು. ಅದರ ಬೆನ್ನಿಗೇ ಬರುವುದು ಅಜ್ಝ್, ಕಸಲ್. ಕೈಕಾಲು ಸೋತುಹೋಗುವುದು, ಏಳಲಾಗದ ಜಡತನ. ಮಂಚದ ಮೇಲಿರುವ ಹುಡುಗಿ ಆಗ ಹೇಳಿದ್ದೆಲ್ಲ ಇದೇ ಅಲ್ಲವೆ? ಇಷ್ಟು ವರ್ಷ ಇದು ಅಲ್ಲಾಹನಿಗೆ ಮಾತ್ರ ಹೇಳುವ ಭಾಷೆ ಎಂದು ರುಖಿಯಮ್ಮ ತಿಳಿದಿದ್ದರು. ಡಾಕ್ಟರಿಗೂ ಹೇಳಬಹುದೆಂದು ಯಾರು ಯೋಚಿಸಿದ್ದರು?

ಮಸೀದಿಯಿಂದ ಬಂದ ಗಂಡನನ್ನು ಬಾಗಿಲಲ್ಲೇ ತಡೆದರು. "ಓ ಇವರೇ, ಹಮ್ಮ್, ಹಝನ್ ಅಂದ್ರೆ ಡಾಕ್ಟರಮ್ಮನಿಗೆ ಅರ್ಥ ಆಗ್ತದಾ?"

ಉಸ್ತಾದ್ ಚಪ್ಪಲಿ ಬಿಡುತ್ತಿದ್ದವರು ಒಂದು ಚಪ್ಪಲಿಯಲ್ಲೇ ನಿಂತರು. "ಅರಬ್ಬಿಯಲ್ವಾ, ಅರ್ಥ ಆಗದೆ ಎಂತ?" ಎಂದರು. ಇನ್ನೊಂದು ಚಪ್ಪಲಿಯನ್ನೂ ಬಿಟ್ಟು, "ನಿಂಗೆ ಹೊಳೆಯಿತಲ್ಲ!" ಎಂದರು.

"ನಿಮ್ಗೆ ಹೊಳೀಬೇಕಿತ್ತು. ಉಸ್ತಾದ್ ನಾನಲ್ಲ."

ಮರುದಿನ ಬೆಳಿಗ್ಗೆ ಕ್ಲಿನಿಕ್ಕಿನಲ್ಲಿ ಅಜ್ಮಲ್ ಅಭ್ಯಾಸಬಲದಿಂದ ಬಾಯಿ ತೆರೆದ. ರುಖಿಯಮ್ಮ ಅವನ ತೋಳು ಹಿಡಿದು ಹಿಂದಕ್ಕೆ ಎಳೆದರು. ಡಾಕ್ಟರಮ್ಮ ಸುಡಾನಿನವರು, ಕನ್ನಡಕ ಹಾಕಿದ ದುಂಡುಮುಖ. ಮೇಜಿನ ಮೇಲೆ ಹಳೆಯ ರಿಪೋರ್ಟು ನೋಡುತ್ತಿದ್ದರು. ರುಖಿಯಮ್ಮ ಅಸೀಲಾಳ ಬೆನ್ನ ಮೇಲೆ ಕೈಯಿಟ್ಟು, ಮದ್ರಸದಲ್ಲಿ ಪಾಠ ಒಪ್ಪಿಸಿದಂತೆ ಒಂದೊಂದೇ ಪದವನ್ನು ಬಿಡಿಸಿ ಹೇಳಿದರು. "ಹಮ್ಮ್. ಹಝನ್." ದಿನಾಲೂ ಎನ್ನುವುದಕ್ಕೆ ಅಂಗಡಿಯವರಿಂದ ಕಲಿತ ಮಾತೊಂದಿತ್ತು. "ಕುಲ್ಲ ಯೋಮ್." ಆಮೇಲೆ ಅರಬ್ಬಿ ಮುಗಿದುಹೋಯಿತು. ಮಗುವನ್ನು ತೋರಿಸಿದರು, ಅಸೀಲಾಳ ಎದೆಯನ್ನು ತೋರಿಸಿದರು, ಬೇಡ ಎಂದು ಕೈಯಾಡಿಸಿದರು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಮೊದಲ ಸಲಕ್ಕೆ ರಿಪೋರ್ಟನ್ನು ಬಿಟ್ಟು ಅಸೀಲಾಳ ಮುಖ ನೋಡಿದರು. ಅಜ್ಮಲನಿಗೆ ಮಗುವನ್ನು ಎತ್ತಿಕೊಂಡು ಹೊರಗೆ ಕೂರುವಂತೆ ಹೇಳಿ, ಕುರ್ಚಿಯನ್ನು ಮೇಜು ಸುತ್ತಿಸಿ ಅವಳ ಹತ್ತಿರ ತಂದರು. ಸರಳ ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದರು. ಪಿಯುಸಿ ಓದಿದ ಅಸೀಲಾ ಹೌದು, ಇಲ್ಲ ಎನ್ನುತ್ತ ಹೋದಳು. ಹೌದುಗಳೇ ಹೆಚ್ಚು. ರುಖಿಯಮ್ಮನಿಗೆ ಮಾತು ತಿಳಿಯಲಿಲ್ಲ, ಡಾಕ್ಟರಮ್ಮನ ಕೈ ಅಸೀಲಾಳ ಮೊಣಕಾಲ ಮೇಲೆ ಬಂದದ್ದು ಕಂಡಿತು. ಅಷ್ಟು ಸಾಕಾಯಿತು.

ಅಂದೇ ಅವರನ್ನು ದೊಡ್ಡ ಆಸ್ಪತ್ರೆಗೆ, ಮನಸ್ಸಿನ ಡಾಕ್ಟರ ಹತ್ತಿರ ಕಳಿಸಲಾಯಿತು. ಆ ಡಾಕ್ಟರು ಹೈದರಾಬಾದಿನವರು, ಉರ್ದು ಮಾತನಾಡುವವರು. ಶಾಲೆಯಲ್ಲಿ ಹಿಂದಿ ಕಲಿತಿದ್ದ ಅಸೀಲಾ ಅಲ್ಲಿ ಬಾಯ್ತುಂಬ ಮಾತಾಡಿದಳು, ಎದೆತುಂಬ ಅತ್ತಳು. ಹೆರಿಗೆಯ ನಂತರ ಕೆಲವು ತಾಯಂದಿರಿಗೆ ಹೀಗೆ ಬರುತ್ತದೆ, ಇದು ರೋಗ, ಇದಕ್ಕೆ ಮದ್ದಿದೆ, ಮಗುವಿಗೆ ಹಾಲು ಕೊಡುವುದನ್ನು ನೋಡಿಕೊಂಡೇ ಮಾತ್ರೆ ಕೊಡುತ್ತೇನೆ ಎಂದರು ಡಾಕ್ಟರು. ಗುಣ ಕಾಣಲು ಕೆಲವು ವಾರ ಬೇಕು, ಮಧ್ಯದಲ್ಲಿ ಚೆನ್ನಾಗಿದೆ ಎನಿಸಿತೆಂದು ನಿಲ್ಲಿಸಬಾರದು, ಹತ್ತಿರದಲ್ಲಿ ಯಾವಾಗಲೂ ಯಾರಾದರೂ ಇರಬೇಕು. ಕೊನೆಯ ಮಾತಿಗೆ ರುಖಿಯಮ್ಮ "ಮೈ ಹೂಂ" ಎಂದು ತಮಗೆ ಬರುವ ಅಷ್ಟೂ ಉರ್ದುವನ್ನು ಒಂದೇ ಸಲ ಖರ್ಚು ಮಾಡಿದರು.

ಅಸೀಲಾ ಮತ್ತು ಮಗು ರುಖಿಯಮ್ಮನ ಮನೆಯಲ್ಲೇ ಉಳಿದರು. ಅಜ್ಮಲ್ ಅಂಗಡಿ ಮುಗಿಸಿ ಅಲ್ಲಿಗೇ ಬರುತ್ತಿದ್ದ. ರಿಯಾದಿನಲ್ಲಿರುವ ಮಗ ಝುಹೈರ್‌ಗೆಂದು ಇಟ್ಟಿದ್ದ ಮಂಚ ಅವರಿಗಾಯಿತು. ಮಗುವಿನ ಬಟ್ಟೆ ಅಡುಗೆಮನೆಯ ಹಗ್ಗದಲ್ಲಿ ತೂಗಾಡತೊಡಗಿತು. ಎಣ್ಣೆ ತಿಕ್ಕಿ ಸ್ನಾನ ಮಾಡಿಸುವುದು, ಹಾಲು ಕುಡಿದ ಮೇಲೆ ಹೆಗಲಿಗೆ ಹಾಕಿ ತೇಗು ಬರಿಸುವುದು, ಎಲ್ಲ ರುಖಿಯಮ್ಮನೇ. ಆದರೆ ಮಗುವನ್ನು ಸುಮ್ಮನೆ ತಮ್ಮದಾಗಿಸಿಕೊಳ್ಳಲಿಲ್ಲ. ಸ್ನಾನ ಆದೊಡನೆ ಬಿಸಿ ಬಿಸಿಯಾದ ಆ ಪುಟ್ಟ ಗಂಟನ್ನು ತಾಯಿಯ ಎದೆಯ ಮೇಲಿಟ್ಟು "ಸ್ವಲ್ಪ ಹಿಡಿ, ನನ್ನ ಒಲೆಯಲ್ಲಿ ಅನ್ನ ಉಂಟು" ಎಂದು ಹೋಗುತ್ತಿದ್ದರು. ಅನ್ನ ಯಾವಾಗಲೋ ಆಗಿರುತ್ತಿತ್ತು.

ತೊಡಕು ಬಂದದ್ದು ಉಪ್ಪಿನಂಗಡಿಯಿಂದ. ಮಗನ ಬಾಯಿಂದ ವಿಷಯ ತಿಳಿದ ಝೊಹರಾ ನೇರ ಉಸ್ತಾದರಿಗೇ ಫೋನ್ ಮಾಡಿದರು. ಉಸ್ತಾದ್ ಸ್ಪೀಕರ್ ಹಾಕಿ ಚಾಪೆಯ ಮೇಲಿಟ್ಟರು. ಪರದೆಯ ಹಿಂದೆ ಅಸೀಲಾ, ಅವಳ ಪಕ್ಕ ರುಖಿಯಮ್ಮ.

"ಉಸ್ತಾದರೇ, ಹುಡುಗಿಗೆ ಹುಚ್ಚಿನ ಮಾತ್ರೆ ಕೊಟ್ಟಿದ್ದಾರಂತೆ! ನಾಲ್ಕು ಜನ ಕೇಳಿದ್ರೆ ನಾನು ಎಂತ ಹೇಳ್ಲಿ? ಮಾತ್ರೆ ಬೇಡ. ನೀವು ಬಲವಾಗಿ ಒಂದು ನೀರು ಓದಿ ಕೊಡಿ, ಊರಿಗೆ ಬರುವವರೆಗೆ ಸಾಕು. ಬಾಕಿ ನಾನು ನೋಡ್ಕೊಳ್ತೇನೆ."

ಉಸ್ತಾದ್ ಗಂಟಲು ಸರಿಮಾಡಿಕೊಂಡರು. "ನಿಮ್ಗೆ ಶುಗರ್ ಉಂಟಲ್ಲ?"

"ಉಂಟು. ಅದು ಈಗ ಎಂತಕ್ಕೆ?"

"ಮಾತ್ರೆ ತಕೊಳ್ತೀರಲ್ಲ, ಅಲ್ಲಾಹನ ಹೆಸರೆತ್ತಿ ಬಿಸ್ಮಿ ಹೇಳಿ ನುಂಗುದಾ, ಹೇಳದೆಯಾ?"

"ಹೇಳಿಯೇ! ನೀವು ಎಂತ ಕೇಳುದು ಉಸ್ತಾದರೇ, ನಾನೇನು ದೀನಿಲ್ಲದವಳಾ?"

"ಹಾಗಾದ್ರೆ ನಾಳೆಯಿಂದ ಮಾತ್ರೆ ಬಿಡಿ. ಬಿಸ್ಮಿ ಮಾತ್ರ ಹೇಳಿ."

ಉಸ್ತಾದ್ ದನಿ ತಗ್ಗಿಸಿದರು. "ನೀರು ನಾನು ಓದಿ ಕೊಡ್ತೇನೆ. ದಿನಾ ಕೊಡ್ತೇನೆ. ಆದ್ರೆ ಒಂದು ಷರತ್ತು. ಆ ನೀರನ್ನು ಬರಿದೇ ಕುಡಿಯುವ ಹಾಗಿಲ್ಲ. ಡಾಕ್ಟರು ಕೊಟ್ಟ ಮಾತ್ರೆ ನುಂಗುವಾಗ ಮಾತ್ರ ಕುಡೀಬೇಕು. ಮಾತ್ರೆ ತಪ್ಪಿದ ದಿನ ನೀರೂ ಇಲ್ಲ."

"ಹಾಗೂ ಉಂಟಾ?"

"ನನ್ನ ನೀರಿಗೆ ಹಾಗೆ ಉಂಟು."

ಝೊಹರಾ ಉಸ್ತಾದರ ಮಾತಿಗೆ ಎದುರು ಹೇಳುವವರಲ್ಲ. "ನೀವು ಹೇಳಿದ್ರೆ ಸರಿ" ಎಂದರು. ಟಿಕೆಟ್ ಮಾತ್ರ ಹಾಗೆಯೇ ಇರಲಿ, ಊರಿಗೆ ಬರಲಿ ಎಂದೂ ಸೇರಿಸಿದರು. ಫೋನ್ ಇಟ್ಟ ಮೇಲೆ ಪರದೆಯ ಹಿಂದಿನಿಂದ ರುಖಿಯಮ್ಮ, "ಈಗ ನೀವು ಉಸ್ತಾದ್" ಎಂದರು.

ಮೊದಲ ವಾರ ಏನೂ ಆಗಲಿಲ್ಲ. ಎರಡನೆಯದರಲ್ಲೂ ಇಲ್ಲ. ರುಖಿಯಮ್ಮನಿಗೆ ಒಳಗೊಳಗೇ ಹೆದರಿಕೆ. ಆಮೇಲೊಂದು ಬೆಳಿಗ್ಗೆ ಅಸೀಲಾ ತಾನಾಗಿ ಎದ್ದು ಬಂದು, ಕಿಟಕಿ ತೆರೆದು, "ಇಲ್ಲಿ ಚಳಿ ಉಂಟಲ್ಲ ರುಖಿಯಮ್ಮ" ಎಂದಳು. ತಾಯಿಫಿಗೆ ಬಂದ ಮೇಲೆ ಅವಳಿಗೆ ಅಲ್ಲಿಯ ಬೆಟ್ಟದ ತಂಪು ತಾಗಿದ್ದು ಅದೇ ಮೊದಲು. ಇನ್ನೊಂದು ದಿನ ಶಹಲಾ ಸೀನಿದಾಗ ರುಖಿಯಮ್ಮನಿಗಿಂತ ಮೊದಲು ಅವಳು ತಿರುಗಿದಳು. ಮತ್ತೊಂದು ದಿನ, ಅಜ್ಮಲ್ ಡೈಪರ್ ಹಿಂದುಮುಂದಾಗಿ ಕಟ್ಟಿದ್ದಕ್ಕೆ ಅವಳು ಅವನನ್ನು ಜೋರಾಗಿಯೇ ತರಾಟೆಗೆ ತೆಗೆದುಕೊಂಡಳು. "ಇಷ್ಟು ವರ್ಷದಿಂದ ಕಾರಿನ ಸಾಮಾನು ಮಾರ್ಲಿಕ್ಕೆ ಗೊತ್ತಾಗ್ತದೆ, ಎದುರು ಯಾವುದು ಹಿಂದೆ ಯಾವುದು ಗೊತ್ತಾಗುದಿಲ್ವಾ?" ಅಜ್ಮಲ್ ಪೆಚ್ಚಾಗಿ ನಿಂತ. ರುಖಿಯಮ್ಮ ಅಡುಗೆಮನೆಗೆ ಹೋಗಿ ಒಬ್ಬರೇ ನಕ್ಕರು. ಜಗಳ ಮಾಡಲು ತ್ರಾಣ ಬಂದಿತ್ತು. ಅಲ್‌ಹಮ್ದುಲಿಲ್ಲಾಹ್.

ನಡುವೆ ಕೆಟ್ಟ ದಿನಗಳೂ ಇದ್ದವು. ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದ ಮಧ್ಯಾಹ್ನಗಳೂ ಇದ್ದವು. ಅಂಥ ಹೊತ್ತಿನಲ್ಲಿ ಅವಳು ಈಗ ಸುಮ್ಮನಿರುತ್ತಿರಲಿಲ್ಲ. "ಇವತ್ತು ಜಾಸ್ತಿ ಉಂಟು" ಎನ್ನುತ್ತಿದ್ದಳು. ರುಖಿಯಮ್ಮ ಪಕ್ಕದಲ್ಲಿ ಬಂದು ಕೂರುತ್ತಿದ್ದರು, ಏನೂ ಹೇಳುತ್ತಿರಲಿಲ್ಲ.

ಊರಿಗೆ ಹೋಗುವ ದಿನ ಹತ್ತಿರ ಬಂತು. ಒಂದು ಸಂಜೆ ಝೊಹರಾ ವಿಡಿಯೊ ಕಾಲ್ ಮಾಡಿದರು. ಸೊಸೆಯ ಮುಖದಲ್ಲಿ ಬಣ್ಣ ಕಂಡು ಅವರಿಗೆ ಖುಷಿಯೋ ಖುಷಿ. "ನೋಡಿದ್ಯಾ ಅಜ್ಮಲ್, ಉಸ್ತಾದರ ನೀರು! ಇನ್ನು ಆ ಮಾತ್ರೆ ನಿಲ್ಸಿ. ಬಾ ಮಗಳೇ, ಇಲ್ಲಿ ನಾನು ಎಲ್ಲ ಏರ್ಪಾಡು ಮಾಡಿಟ್ಟಿದ್ದೇನೆ."

ಅಜ್ಮಲ್ ಉತ್ತರ ಕೊಡಲು ಫೋನ್ ತನ್ನತ್ತ ತಿರುಗಿಸಿಕೊಳ್ಳುತ್ತಿದ್ದ. ಅಸೀಲಾ ಕೈ ಚಾಚಿ ಫೋನ್ ತೆಗೆದುಕೊಂಡಳು. ರುಖಿಯಮ್ಮ ಮಗುವಿನ ಕಾಲಿಗೆ ಸಾಕ್ಸ್ ಹಾಕುತ್ತಿದ್ದವರು ಹಾಗೇ ನಿಂತರು.

"ಮಾಮಿ, ನಾನು ಬರುದಿಲ್ಲ. ಈಗ ಬರುದಿಲ್ಲ" ಎಂದಳು ಅಸೀಲಾ. "ನಂಗೆ ಏನೂ ತಾಗಿದ್ದಲ್ಲ. ಮನಸ್ಸಿಗೆ ರೋಗ ಬಂದಿತ್ತು. ಸಾಯ್ಬೇಕು ಅಂತ ಇತ್ತು ಮಾಮಿ. ದುಆದಿಂದ ಧೈರ್ಯ ಬಂತು, ಮಾತ್ರೆಯಿಂದ ಎದ್ದು ಕೂತೆ. ಡಾಕ್ಟರು ಹೇಳುವವರೆಗೆ ಮಾತ್ರೆ ನಿಲ್ಸುದಿಲ್ಲ. ಅಲ್ಲಿ ಬಂದ್ರೆ ನೀವು ನಿಲ್ಸ್ತೀರಿ. ಅದಕ್ಕೆ ಬರುದಿಲ್ಲ."

ಅತ್ತೆಯ ಮುಖ ಸ್ಕ್ರೀನಿನಿಂದ ಜಾರಿತು. ಫೋನಿನಲ್ಲಿ ಉಪ್ಪಿನಂಗಡಿಯ ಮನೆಯ ಛಾವಣಿ, ನಿಧಾನ ತಿರುಗುವ ಫ್ಯಾನು. ಸಿಟ್ಟು ಬಂತೆಂದು ಎಲ್ಲರೂ ಎಣಿಸಿದರು. ಅಜ್ಮಲ್ "ಉಮ್ಮಾ, ಉಮ್ಮಾ" ಎಂದ. ಆಮೇಲೆ ದನಿ ಮಾತ್ರ ಬಂತು, ಜೋರು ಕಡಿಮೆಯಾದ ದನಿ.

"ಇವನು ಹುಟ್ಟಿದ ವರ್ಷ ನಾನೂ ಹಾಗೇ ಮಲಗಿದ್ದೆ. ಗೋಡೆ ನೋಡಿ. ಬಾವಿಯ ಹತ್ರ ಹೋಗ್ಲಿಕ್ಕೆ ನಂಗೇ ಹೆದರಿಕೆ ಇತ್ತು. ಯಾರ ಹತ್ರ ಹೇಳುದು? ನೂಲು ಕಟ್ಟಿಸಿದ್ರು. ಅದು ಹೇಗೋ ಹೋಯಿತು, ಒಂದೂವರೆ ವರ್ಷ ಬೇಕಾಯಿತು. ಇವನ ಹಲ್ಲು ಬಂದದ್ದು, ನಡೆದದ್ದು ಒಂದೂ ನಂಗೆ ನೆನಪಿಲ್ಲ." ಮೂಗು ಒರೆಸಿಕೊಂಡ ಸದ್ದು. "ಸಣ್ಣ ಮಾತ್ರೆಯಾ ಅದು?"

"ಸಣ್ಣದು ಮಾಮಿ. ನಿಮ್ಮ ಶುಗರಿಂದಕ್ಕಿಂತ ಸಣ್ಣದು."

"ಹಾಗಾದ್ರೆ ನುಂಗು. ತಪ್ಪಿಸ್ಬೇಡ." ಮುಖ ಮತ್ತೆ ಫೋನಿಗೆ ಬಂತು, ಕಣ್ಣು ಕೆಂಪಾಗಿತ್ತು. "ನಿನ್ನ ನಾದಿನಿಯ ಬಾಣಂತನ ಮುಗೀತು. ನಾನೇ ಮಕ್ಕಾದ ಉಮ್ರಾ ಯಾತ್ರೆಗೆ ಹೊರಟು ಬರ್ತೇನೆ. ನಿಮ್ಮಲ್ಲಿ ಒಂದಷ್ಟು ದಿನ ಮಗುವನ್ನು ಎತ್ಕೊಳ್ತೇನೆ. ರುಖಿಯಮ್ಮ ಒಬ್ರೇ ಎಷ್ಟು ಮಾಡ್ಲಿ ಪಾಪ."

"ಬರುವಾಗ ಕುಚ್ಚಲಕ್ಕಿ ತನ್ನಿ" ಎಂದು ಕೂಗಿದರು ರುಖಿಯಮ್ಮ, ಸಾಕ್ಸಿನ ಇನ್ನೊಂದು ಕಾಲನ್ನು ಹುಡುಕುತ್ತ. "ಬೇರೆ ಎಂತ ಬೇಡ."

ಅಜ್ಮಲ್ ಫೋನಿಗೆ ಮುಖ ತೂರಿಸಿದ. "ಉಮ್ಮಾ, ಹಾಗಾದ್ರೆ ಇವರ ಟಿಕೆಟ್ ಕ್ಯಾನ್ಸಲ್ ಮಾಡ್ಲಾ?"

"ನನ್ನತ್ರ ಎಂತ ಕೇಳುದು ಮಾರಾಯ? ಹೋಗುವವಳು ಅವಳಲ್ವಾ? ಅವಳತ್ರ ಕೇಳು!"

ಅಜ್ಮಲ್ ಹೆಂಡತಿಯ ಕಡೆ ತಿರುಗಿದ. "ಕ್ಯಾನ್ಸಲ್ ಮಾಡ್ಲಾ?" ಎಂದು ಕೇಳಿದ. ಅಸೀಲಾ ಶಹಲಾಳನ್ನು ಎತ್ತಿ, ಮೂಸಿ ನೋಡಿ, ಮೂಗು ಸುಕ್ಕಿಸಿ, ಮಗುವನ್ನು ಅವನ ಕೈಗೆ ಕೊಟ್ಟಳು.

"ಕ್ಯಾನ್ಸಲ್ ಮಾಡಿ" ಎಂದಳು. "ಮೊದಲು ಇವಳನ್ನು ತೊಳೆಸಿ."